ಒಂದು ಹನಿ ಮೇಧೆ

ಪುಷ್ಯ ನಕ್ಷತ್ರದ ದಿನ ಬೆಳಿಗ್ಗೆ ನಮ್ಮ ಊರುಗಳ ಆಯುರ್ವೇದ ಚಿಕಿತ್ಸಾಲಯಗಳ ಮುಂದೆ ಒಂದು ಸಾಲು ಬೆಳೆಯುತ್ತದೆ. ನಿಂತವರಲ್ಲಿ ಕಾಯಿಲೆಯವರು ಕಡಿಮೆ. ಕಂಕುಳಲ್ಲಿ ಕೂಸು, ಕೈಬೆರಳು ಹಿಡಿದ ಇನ್ನೊಂದು ಮಗು, ಆಫೀಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುವ ಅಪ್ಪ. ಜೇನುತುಪ್ಪ, ತುಪ್ಪ, ಚಿನ್ನದ ಭಸ್ಮ ಬೆರೆತ ಹನಿಯೊಂದನ್ನು ಮಗುವಿನ ನಾಲಿಗೆಗೆ ಬಿಡಿಸಿಕೊಂಡು ಹೋಗಲು ಬಂದವರು ಅವರು. ಇದೇ ಸ್ವರ್ಣಬಿಂದು ಪ್ರಾಶನ. ಒಂದು ತಿಂಗಳು ಇದನ್ನು ನೆಕ್ಕಿಸಿದರೆ ಮಗು ಮೇಧಾವಿಯಾಗುತ್ತದೆ, ಆರು ತಿಂಗಳಾದರೆ ಕೇಳಿದ್ದೆಲ್ಲ ನೆನಪಿನಲ್ಲಿ ಉಳಿಯುತ್ತದೆ ಎಂದು ಕಾಶ್ಯಪ ಸಂಹಿತೆ ಹೇಳುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದೇ ಆಸೆ ಒಂದೆಲಗದ ತಂಬುಳಿಯಾಗಿ ಊಟದ ಎಲೆಗೆ ಬರುತ್ತದೆ. ಪರೀಕ್ಷೆ ಹತ್ತಿರವಾದಷ್ಟೂ ಎಲೆಗೆ ಬೀಳುವ ಸೌಟು ಹೆಚ್ಚುತ್ತದೆ.

ಇವು ಫಲ ಕೊಡುತ್ತವೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದ್ದು ಒಂದೇ: ಆರೋಗ್ಯವಾಗಿರುವ ಮಗುವನ್ನು ಇನ್ನಷ್ಟು ಜಾಣನಾಗಿಸಬೇಕೆಂಬ ಈ ಆಸೆಗೆ ನೀತಿಶಾಸ್ತ್ರದ ಗ್ರಂಥಗಳಲ್ಲಿ ಒಂದು ಗಂಭೀರ ಹೆಸರಿದೆ, ಮಾನವ ಸಾಮರ್ಥ್ಯವರ್ಧನೆ. ರೋಗ ವಾಸಿ ಮಾಡುವುದು ಚಿಕಿತ್ಸೆ. ರೋಗವಿಲ್ಲದವರ ಶಕ್ತಿಯನ್ನು ಇದ್ದದ್ದಕ್ಕಿಂತ ಮೇಲಕ್ಕೆ ಏರಿಸುವುದು ವರ್ಧನೆ. ಹನಿಯ ಜಾಗದಲ್ಲಿ ವಂಶವಾಹಿಯ ತಿದ್ದುಪಡಿ, ಗುಳಿಗೆ ಅಥವಾ ಮಿದುಳಿನೊಳಗಿನ ಚಿಪ್ ಬಂದರೆ ಜನ ಏನೆನ್ನುತ್ತಾರೆ? ಕಳೆದ ಎರಡು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರೂ ಸಮೀಕ್ಷಕರೂ ಈ ಪ್ರಶ್ನೆಯನ್ನು ಹಿಡಿದು ಸಾಕಷ್ಟು ಕೆಲಸ ಮಾಡಿದ್ದಾರೆ. ಅದರಲ್ಲಿ ನಮ್ಮ ಕುರಿತೇ ಒಂದು ಅಚ್ಚರಿಯ ಅಂಕಿಯಿದೆ.

ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2019-20ರಲ್ಲಿ ಭಾರತವೂ ಸೇರಿದಂತೆ 20 ಕಡೆಗಳಲ್ಲಿ ಜನಾಭಿಪ್ರಾಯ ಕೇಳಿತು. ಹುಟ್ಟುವ ಮಗುವನ್ನು ಹೆಚ್ಚು ಬುದ್ಧಿವಂತ ಮಾಡಲು ವಂಶವಾಹಿ ತಿದ್ದುವುದು ಸರಿಯೇ? ಸರಿ ಎಂದವರ ಪಾಲು ಆ 20 ಕಡೆಗಳ ಮಧ್ಯಾಂಕದಲ್ಲಿ ಶೇ. 14. ಭಾರತದಲ್ಲಿ ಶೇ. 64. ಗಂಭೀರ ರೋಗ ಗುಣಪಡಿಸಲು ತಿದ್ದಬಹುದೇ ಎಂದು ಕೇಳಿದಾಗ ಬಹುತೇಕ ಕಡೆ ಹೆಚ್ಚಿನವರು ಹೂಂ ಎಂದಿದ್ದರು. ಆ ಮಧ್ಯಾಂಕ ಶೇ. 70. ಅಂದರೆ ಜಗತ್ತಿನ ಬಹುಭಾಗ ಚಿಕಿತ್ಸೆಗೂ ವರ್ಧನೆಗೂ ನಡುವೆ ಗಟ್ಟಿಯಾದೊಂದು ಗೆರೆ ಎಳೆಯುತ್ತದೆ. ನಮ್ಮಲ್ಲಿ ಆ ಗೆರೆ ಮಸುಕಾಗಿದೆ. ಇದು ಏಕೆಂದು ತಿಳಿಯಲು ಮೊದಲು ಆ ಗೆರೆ ಇತರರ ಮನಸ್ಸಿನಲ್ಲಿ ಹೇಗೆ ಮೂಡುತ್ತದೆಂದು ನೋಡಬೇಕು.

ಅತ್ಯಂತ ಹೆಚ್ಚು ಅಳೆಯಲಾದ ಸಮಾಜ ಅಮೆರಿಕದ್ದು. 2016ರಲ್ಲಿ ಪ್ಯೂ ಅಲ್ಲಿ 4,726 ವಯಸ್ಕರ ಮುಂದೆ ಮೂರು ಸಾಧ್ಯತೆಗಳನ್ನಿಟ್ಟಿತು: ಮಗುವಿಗೆ ಮುಂದೆ ರೋಗ ತಗಲುವ ಅಪಾಯ ಕಡಿಮೆ ಮಾಡುವ ವಂಶವಾಹಿ ತಿದ್ದುಪಡಿ, ಏಕಾಗ್ರತೆ ಹೆಚ್ಚಿಸುವ ಮಿದುಳಿನ ಚಿಪ್, ಓಟಕ್ಕೂ ಬಲಕ್ಕೂ ಒದಗುವ ಕೃತಕ ರಕ್ತ. ಮೂರಕ್ಕೂ ಉತ್ಸಾಹಕ್ಕಿಂತ ಆತಂಕವೇ ಹೆಚ್ಚು. ಚಿಪ್‌ನ ಬಗ್ಗೆ ಆತಂಕಪಟ್ಟವರು ಶೇ. 69, ಉತ್ಸಾಹ ತೋರಿದವರು ಶೇ. 34. ದೇವರಲ್ಲಿ ಗಾಢ ಶ್ರದ್ಧೆಯುಳ್ಳವರು ಇದನ್ನು ಪ್ರಕೃತಿಯ ಕೆಲಸಕ್ಕೆ ಕೈಹಾಕುವುದು ಎಂದರು. ಶ್ರದ್ಧೆ ಕಡಿಮೆಯಿದ್ದವರು ಮನುಷ್ಯ ಹಿಂದಿನಿಂದಲೂ ತನ್ನನ್ನು ಉತ್ತಮಪಡಿಸಿಕೊಳ್ಳುತ್ತ ಬಂದ ರೀತಿಯೇ ಇದು ಎಂದರು. ಹೆಂಗಸರಿಗಿಂತ ಗಂಡಸರು, ವಿಷಯ ಗೊತ್ತಿಲ್ಲದವರಿಗಿಂತ ಗೊತ್ತಿದ್ದವರು ಸ್ವಲ್ಪ ಹೆಚ್ಚು ಒಲವು ತೋರಿದರು. ಐದು ವರ್ಷದ ನಂತರ ಮತ್ತೆ ಕೇಳಿದಾಗಲೂ ಚಿಪ್ ಸಮಾಜಕ್ಕೆ ಒಳ್ಳೆಯದು ಎಂದವರು ಶೇ. 13 ಮಾತ್ರ.

ಇಷ್ಟು ಯಾರು ಏನೆಂದರು ಎಂಬುದರ ಪಟ್ಟಿ. ಏಕೆ ಎಂದರು ಎಂಬ ಪ್ರಶ್ನೆಗೆ ಇಳಿದರೆ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಗುಳಿಗೆಯನ್ನು ಯಾರು ನುಂಗುತ್ತಾರೆ ಎಂಬುದು ಒಂದು. ಪಕ್ಕದವನು ನುಂಗಿದರೆ ಯಾರು ಸಿಟ್ಟಾಗುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೆಚ್ಚಾಗಿ ಸ್ವಭಾವದಲ್ಲಿದೆ, ಎರಡನೆಯದಕ್ಕೆ ಮೌಲ್ಯಗಳಲ್ಲಿದೆ. ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ತೋಚುವ ಮುಖ್ಯ ಮಾತು ಇದು.

ಮೊದಲು ಸ್ವಭಾವ. ಮನಶ್ಶಾಸ್ತ್ರ ವ್ಯಕ್ತಿತ್ವವನ್ನು ಐದು ಗುಣಗಳಲ್ಲಿ ಅಳೆಯುತ್ತದೆ: ಹೊಸತಿಗೆ ತೆರೆದ ಮನಸ್ಸು, ಶಿಸ್ತು, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ತಳಮಳದ ಸ್ವಭಾವ. ಬುದ್ಧಿ ಚುರುಕಾಗಲೆಂದು ವೈದ್ಯರ ಚೀಟಿಯ ಔಷಧಗಳನ್ನು ರೋಗವಿಲ್ಲದೆಯೇ ತೆಗೆದುಕೊಳ್ಳುವವರು ಹೊಸತನ್ನು ಹುಡುಕುವ ಸಾಹಸಿಗಳು ಎಂದು ಯಾರಾದರೂ ಊಹಿಸುತ್ತಾರೆ. ಜರ್ಮನಿಯ ಸೆಬಾಸ್ಟಿಯನ್ ಸ್ಯಾಟ್ಲರ್ ಮತ್ತು ರೈನ್‌ಹಾರ್ಡ್ ಶುಂಕ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎದ್ದು ಕಂಡದ್ದು ಬೇರೆ. ಶಿಸ್ತು ಹೆಚ್ಚಿದ್ದವರಲ್ಲಿ ಬಳಕೆ ಕಡಿಮೆ. ತಳಮಳ ಹೆಚ್ಚಿದ್ದವರಲ್ಲಿ ಬಳಕೆ ಹೆಚ್ಚು. ಅಂದರೆ ಗುಳಿಗೆಯ ಕಡೆ ಕೈ ಚಾಚುವವನು ಹಲವು ಸಲ ಮಹತ್ವಾಕಾಂಕ್ಷಿಯಲ್ಲ, ಹೆದರಿದವನು. ನಾಳೆಯ ಪರೀಕ್ಷೆ, ನಾಡಿದ್ದಿನ ಗಡುವು, ಹಿಂದೆ ಬಿದ್ದೇನೆಂಬ ಭಯ ಅವನನ್ನು ಅಲ್ಲಿಗೆ ಒಯ್ಯುತ್ತದೆ.

ಇದಕ್ಕೆ ಇನ್ನೊಂದು ಮುಖವಿದೆ. ಸ್ವಿಟ್ಜರ್ಲೆಂಡಿನ ಲಾರಿಸ್ಸಾ ಮೈಯರ್ ಮತ್ತು ಸಂಗಡಿಗರು 2015ರಲ್ಲಿ ಒಂದು ನೇರ ಪ್ರಶ್ನೆ ಕೇಳಿದರು: ಮೀಥೈಲ್‌ಫೆನಿಡೇಟ್ ಎಂಬ ಔಷಧ ನುಂಗುವ ಆರೋಗ್ಯವಂತರು ತಮ್ಮ ಬುದ್ಧಿಯ ಕೊರತೆ ತುಂಬಿಕೊಳ್ಳಲು ಹೀಗೆ ಮಾಡುತ್ತಾರೆಯೇ, ಅಥವಾ ಇದು ವ್ಯಕ್ತಿತ್ವದ ಮಾತೇ? ಪರೀಕ್ಷಿಸಿ ನೋಡಿದರೆ ಬುದ್ಧಿಶಕ್ತಿಯಲ್ಲಿ ಅವರಿಗೆ ಕೊರತೆಯೇನೂ ಇರಲಿಲ್ಲ. ಆದರೆ ದುಡುಕುತನ, ಹೊಸತರ ಹಂಬಲ ಮತ್ತು ಮೆಕಿಯವೆಲ್ಲಿತನ, ಅಂದರೆ ಗುರಿ ಮುಟ್ಟುವುದು ಮುಖ್ಯ, ದಾರಿ ಯಾವುದಾದರೇನು ಎಂಬ ಲೆಕ್ಕಾಚಾರದ ಬುದ್ಧಿ, ಅವರಲ್ಲಿ ಹೆಚ್ಚಾಗಿ ಕಂಡವು. ಹೋಲಿಸಿದ ಗುಂಪುಗಳು ಸಣ್ಣವು, ಆದ್ದರಿಂದ ಇದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಹೆದರಿದವನು, ಲೆಕ್ಕ ಹಾಕುವವನು ಎಂಬ ಎರಡು ಚಿತ್ರಗಳೂ ಒಂದೇ ಕಡೆ ಕೈ ತೋರುತ್ತವೆ: ಸ್ಪರ್ಧೆ. 2008ರಲ್ಲಿ ನೇಚರ್ ಪತ್ರಿಕೆ ತನ್ನ ಓದುಗರನ್ನು ಕೇಳಿದಾಗ ಉತ್ತರಿಸಿದ 1,400 ಮಂದಿಯಲ್ಲಿ ಐವರಲ್ಲೊಬ್ಬರು ಏಕಾಗ್ರತೆಗೋ ನೆನಪಿಗೋ ಇಂಥ ಔಷಧ ಬಳಸಿದ್ದಾಗಿ ಒಪ್ಪಿಕೊಂಡರು. ಆ ಓದುಗರಲ್ಲಿ ಬಹುಪಾಲು ವಿಜ್ಞಾನಿಗಳು, ಸ್ಪರ್ಧೆಯನ್ನೇ ಉಸಿರಾಡುವವರು.

ಇನ್ನು ಮೌಲ್ಯ. ತಾನು ಬಳಸುವ ಪ್ರಶ್ನೆಯೇ ಇಲ್ಲದ ಸಂಗತಿಗೂ ಮನುಷ್ಯ ಛೀ ಎನ್ನುತ್ತಾನೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಮಿಖಾಯೆಲ್ ಲಾಕಸುವೊ ಮತ್ತು ಸಂಗಡಿಗರು 2018ರಲ್ಲಿ ಜನರ ಮುಂದೆ ಒಂದು ಕಲ್ಪಿತ ಕತೆ ಇಟ್ಟರು: ವಿಜ್ಞಾನಿಯೊಬ್ಬ ತನ್ನ ಮನಸ್ಸನ್ನು ಕಂಪ್ಯೂಟರಿಗೆ ಇಳಿಸುತ್ತಾನೆ. ಇದನ್ನು ಯಾರು ಖಂಡಿಸಿದರು? ಲೈಂಗಿಕ ವಿಷಯಗಳಲ್ಲಿ ಬೇಗ ಹೇಸಿಕೊಳ್ಳುವವರು, ಶುದ್ಧಿಯ ಕಟ್ಟುಗಳಿಗೆ ಹೆಚ್ಚು ಬೆಲೆ ಕೊಡುವವರು. ಯಾರು ಒಪ್ಪಿದರು? ವೈಜ್ಞಾನಿಕ ಕತೆ ಕಾದಂಬರಿಗಳ ರುಚಿ ಹತ್ತಿದವರು. ಮನಸ್ಸಿನ ವರ್ಗಾವಣೆಗೂ ಲೈಂಗಿಕ ಹೇಸಿಗೆಗೂ ಏನು ಸಂಬಂಧ? ತಂತ್ರಜ್ಞಾನದ ಕುರಿತು ತರ್ಕ ಮಾಡುತ್ತಿದ್ದೇವೆಂದು ನಾವು ನಂಬಿರುವಾಗ ಒಳಗೆ ಬೇರೊಂದು ಕಾವಲುಗಾರ ಎದ್ದು ನಿಂತಿರುತ್ತಾನೆ. ದೇಹದ ಗಡಿ ಯಾವುದು, ಅದನ್ನು ಏನು ದಾಟಬಾರದು ಎಂದು ನೋಡಿಕೊಳ್ಳುವುದು ಅವನ ಕೆಲಸ.

ಕನ್ನಡದಲ್ಲಿ ಈ ಕಾವಲುಗಾರನಿಗೆ ಹೆಸರು ಹುಡುಕಬೇಕಿಲ್ಲ. ಮಡಿ, ಮೈಲಿಗೆ ಎಂದರೆ ಸಾಕು. ಶುದ್ಧಿಯನ್ನು ನೀತಿಯ ಒಂದು ಅಡಿಪಾಯವಾಗಿ ಎಣಿಸುವ ಸಿದ್ಧಾಂತದ ಬೇರೂ ಅರ್ಧ ನಮ್ಮ ನೆಲದಲ್ಲೇ ಇದೆ. ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 1993ರಲ್ಲಿ ಭುವನೇಶ್ವರದಲ್ಲಿ ಮೂರು ತಿಂಗಳು ಇದ್ದರು. ಒಡಿಶಾದಲ್ಲಿ ಬಹುಕಾಲ ದುಡಿದಿದ್ದ ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್ ಅವರ ದಾರಿಯಲ್ಲಿ ಹೋದವರು ಅವರು. ನೀತಿಯೆಂದರೆ ಯಾರಿಗೂ ನೋವು ಮಾಡದಿರುವುದು, ಅನ್ಯಾಯ ಮಾಡದಿರುವುದು, ಅಷ್ಟೇ ಎಂದುಕೊಂಡಿದ್ದ ಅಮೆರಿಕದ ವಿದ್ವಾಂಸನಿಗೆ ನಿಷ್ಠೆ, ಹಿರಿಯರ ಮಾತು, ಪಾವಿತ್ರ್ಯ ಇವೂ ನೀತಿಯೇ ಎಂದು ಬದುಕುವ ಜನ ಅಲ್ಲಿ ಎದುರಾದರು. ಆಮೇಲೆ ಹೈಟ್ ಮತ್ತು ಜೆಸ್ಸಿ ಗ್ರಹಾಂ ಮುಂತಾದವರು ಕಟ್ಟಿದ ನೈತಿಕ ಅಡಿಪಾಯಗಳ ಸಿದ್ಧಾಂತವೇ ಇಂದು ಇಂಥ ಸಮೀಕ್ಷೆಗಳ ಮುಖ್ಯ ಅಳತೆಗೋಲುಗಳಲ್ಲೊಂದು.

ಹೇಸಿಗೆಗೆ ನೀತಿಯಲ್ಲಿ ಎಷ್ಟು ಬೆಲೆ ಕೊಡಬೇಕು ಎಂಬಲ್ಲಿ ತತ್ತ್ವಜ್ಞಾನಿಗಳು ಎರಡು ಬಣ. ತದ್ರೂಪಿ ಕುರಿ ಡಾಲಿಯ ಸುದ್ದಿ ಬಂದ 1997ರಲ್ಲಿ ಲಿಯೋನ್ ಕ್ಯಾಸ್, ಹೇಸಿಗೆಯಲ್ಲೂ ಒಂದು ವಿವೇಕವಿದೆ, ತರ್ಕ ಹೇಳಲಾರದ್ದನ್ನು ಅದು ಹೇಳುತ್ತದೆ ಎಂದು ವಾದಿಸಿದರು. ಮೈಕಲ್ ಸ್ಯಾಂಡೆಲ್ ಬದುಕು ನಮಗೆ ಸಿಕ್ಕ ಕಾಣಿಕೆ, ಅದನ್ನು ಪೂರ್ತಿ ನಮ್ಮ ಕೈಹಿಡಿತಕ್ಕೆ ತಂದುಕೊಳ್ಳುವ ಹಟದಲ್ಲೇ ತಪ್ಪಿದೆ ಎಂದರು. ನಿಕ್ ಬೋಸ್ಟ್ರಮ್ ಮತ್ತು ಟೋಬಿ ಓರ್ಡ್ 2006ರಲ್ಲಿ ತಿರುವುಮುರುವು ಪರೀಕ್ಷೆಯೊಂದನ್ನು ಮುಂದಿಟ್ಟರು. ಬುದ್ಧಿ ಹೆಚ್ಚಿಸುವುದು ಕೆಟ್ಟದ್ದಾದರೆ ಕಡಿಮೆ ಮಾಡುವುದು ಒಳ್ಳೆಯದೇ? ಅದೂ ಅಲ್ಲವಾದರೆ ಈಗಿರುವ ಮಟ್ಟವೇ ಸರಿಯಾದ ಮಟ್ಟ ಎಂದು ಹೇಗೆ ಗೊತ್ತಾಯಿತು? ಈ ಪ್ರಶ್ನೆಗೆ ತಡವರಿಸುವವನ ವಿರೋಧ ವಿವೇಕದಿಂದಲ್ಲ, ರೂಢಿಯ ಮೋಹದಿಂದ ಬಂದದ್ದಿರಬಹುದು. ಯಾರ ವಾದ ನಮಗೆ ಹಿತವೆನಿಸುತ್ತದೆ ಎಂಬುದನ್ನೂ ಬಹುಶಃ ನಮ್ಮೊಳಗಿನ ಅದೇ ಕಾವಲುಗಾರ ತೀರ್ಮಾನಿಸಿಬಿಟ್ಟಿರುತ್ತಾನೆ.

ಸ್ವಭಾವಕ್ಕೂ ಮೌಲ್ಯಕ್ಕೂ ನಡುವೆ ಮೂರನೆಯದೊಂದಿದೆ: ನಾನು ಎಂದರೆ ಯಾವುದು ಎಂಬ ಎಣಿಕೆ. ಈ ಕ್ಷೇತ್ರದ ಅತ್ಯಂತ ಸ್ವಾರಸ್ಯದ ಅಧ್ಯಯನ ನನ್ನ ಮಟ್ಟಿಗೆ ಇಲ್ಲಿದೆ. ಜೇಸನ್ ರೀಸ್, ಜೋಸೆಫ್ ಸಿಮನ್ಸ್, ಜೆಫ್ರಿ ಗುಡ್ವಿನ್ 2008ರಲ್ಲಿ ಯುವಜನರಿಗೆ ಗುಣಗಳ ಪಟ್ಟಿ ಕೊಟ್ಟು, ಯಾವುದನ್ನು ಹೆಚ್ಚಿಸುವ ಗುಳಿಗೆ ನುಂಗುತ್ತೀರಿ ಎಂದು ಕೇಳಿದರು. ನಿದ್ದೆ ಬಾರದ ಎಚ್ಚರ, ಚುರುಕಾದ ಪ್ರತಿಕ್ರಿಯೆ, ಬಾಯಿಪಾಠದ ನೆನಪು ಇವಕ್ಕೆ ಬೇಡಿಕೆ ಹೆಚ್ಚು. ದಯೆ, ಪರರ ನೋವು ಅರಿಯುವ ಗುಣ ಇವಕ್ಕೆ ತೀರಾ ಕಡಿಮೆ. ಯಾವ ಗುಣ ನನ್ನತನದ ತಿರುಳೆಂದು ಅನಿಸುತ್ತದೋ ಅದನ್ನು ಮುಟ್ಟಲು ಮನಸ್ಸು ಒಪ್ಪುವುದಿಲ್ಲ. ಆದರೆ ಈ ಔಷಧ ನಿಮ್ಮನ್ನು ಬದಲಿಸುವುದಿಲ್ಲ, ನೀವು ನಿಜವಾಗಿ ಏನಾಗಿದ್ದೀರೋ ಅದಾಗಲು ಬಿಡುತ್ತದೆ ಎಂಬ ಅರ್ಥದಲ್ಲಿ ಹೇಳಿದಾಗ ಜನ ಮೆತ್ತಗಾದರು. ಮಾತು ಬದಲಾದರೆ ಮನಸ್ಸು ಬದಲಾಗುತ್ತದೆಂಬುದಕ್ಕೆ ಬೇರೆ ಪುರಾವೆಯೂ ಇದೆ: ಇಂಥ ಔಷಧವನ್ನು ಇಂಧನಕ್ಕೆ ಹೋಲಿಸಿದರೆ ಒಪ್ಪಿಗೆ ಸುಲಭ, ಕ್ರೀಡಾಪಟುಗಳ ಸ್ಟಿರಾಯ್ಡಿಗೆ ಹೋಲಿಸಿದರೆ ಕಷ್ಟ. ಹೋಲಿಕೆಯ ಜೊತೆಗೇ ನ್ಯಾಯದ ಪ್ರಶ್ನೆಯೂ ಒಳಗೆ ಬರುತ್ತದೆ.

ನನ್ನತನ ಎಲ್ಲಿದೆ ಎಂಬ ಈ ತೊಡಕು ಕನ್ನಡ ರಂಗಭೂಮಿಗೆ ಹಳೆಯ ಪರಿಚಯ. ಗಿರೀಶ ಕಾರ್ನಾಡರ ಹಯವದನದಲ್ಲಿ ಪದ್ಮಿನಿ ತನ್ನ ಗಂಡ ದೇವದತ್ತನ ತಲೆಯನ್ನು ಅವನ ಗೆಳೆಯ ಕಪಿಲನ ದೇಹಕ್ಕೆ, ಕಪಿಲನ ತಲೆಯನ್ನು ದೇವದತ್ತನ ದೇಹಕ್ಕೆ ಅಂಟಿಸಿಬಿಡುತ್ತಾಳೆ. ಒಂದು ರೀತಿಯಲ್ಲಿ ಅದೂ ವರ್ಧನೆಯೇ: ಪಂಡಿತನ ಬುದ್ಧಿ, ಗರಡಿಯ ಮೈಕಟ್ಟು, ಎರಡೂ ಒಬ್ಬನಲ್ಲೇ. ಆ ಪೂರ್ಣತೆ ಉಳಿಯುವುದಿಲ್ಲ, ಮೈಗಳು ಮೆಲ್ಲಗೆ ತಮ್ಮ ಹಳೆಯ ಜಾಡಿಗೆ ಮರಳುತ್ತವೆ. ರೀಸ್ ಅವರ ಪಟ್ಟಿಗೆ ಉತ್ತರಿಸಿದವರು ತಲೆಯಲ್ಲಿನ ಕೌಶಲಗಳನ್ನು ಬದಲಿಸಲು ಸಿದ್ಧರಿದ್ದರು, ಎದೆಯ ಗುಣಗಳನ್ನಲ್ಲ. ತಲೆಯೇ ನಾನು ಎಂದು ನಾಟಕದ ಋಷಿ ಕೊಟ್ಟ ತೀರ್ಪನ್ನು ಅವರು ಒಪ್ಪುತ್ತಿರಲಿಲ್ಲವೇನೋ.

ನ್ಯಾಯದ ಪ್ರಶ್ನೆಯನ್ನು ಜನ ಎರಡು ರೀತಿ ಕೇಳುತ್ತಾರೆ. ಗುಳಿಗೆಯಿಂದ ಬಂದ ಅಂಕ ನಿಜವಾದ ಗಳಿಕೆಯೇ ಎಂಬುದು ಒಂದು. ಎಲ್ಲರಿಗೂ ಸಿಗುತ್ತದೆಯೇ ಎಂಬುದು ಇನ್ನೊಂದು. 2016ರ ಪ್ಯೂ ಸಮೀಕ್ಷೆಯಲ್ಲಿ ಚಿಪ್ ಮೊದಲು ಶ್ರೀಮಂತರಿಗೇ ಸಿಕ್ಕಿ ಅಸಮಾನತೆ ಹೆಚ್ಚುತ್ತದೆ ಎಂದವರು ಹತ್ತರಲ್ಲಿ ಏಳು ಮಂದಿ. ಆದರೆ ಈ ನ್ಯಾಯಬುದ್ಧಿ ಬಾಗಿಲು ಯಾವುದು ಎಂಬುದನ್ನೂ ನೋಡುತ್ತದೆ. ತಂತ್ರಜ್ಞಾನ ರೋಗಿಯ ಹೆಗಲ ಮೇಲೆ ಕೈಯಿಟ್ಟು ಬಂದರೆ ಯಾರೂ ತಡೆಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಶಸ್ತ್ರವೈದ್ಯ ಹೆರಾಲ್ಡ್ ಗಿಲೀಸ್ ಮುಖ ಮತ್ತೆ ಕಟ್ಟಿಕೊಟ್ಟರು. ಅದೇ ವಿದ್ಯೆ ಮುಂದೆ ಮೂಗು ನೆಟ್ಟಗಾಗಿಸಲು, ಸುಕ್ಕು ಬಿಡಿಸಲು ಬಳಕೆಯಾಯಿತು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ತನ್ನ ಮಿದುಳಿನ ಚಿಪ್ಪನ್ನು ಮೊದಲ ಬಾರಿ ಮನುಷ್ಯನಿಗೆ ಅಳವಡಿಸಿದ್ದೂ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡವರೊಬ್ಬರಿಗೆ. ಚಿಕಿತ್ಸೆಗೆ ಹೂಂ, ವರ್ಧನೆಗೆ ಉಹೂಂ ಎಂಬ ಗೆರೆ ಸಮೀಕ್ಷೆಯ ಕಾಗದದ ಮೇಲೆ ಸ್ಪಷ್ಟ. ಬದುಕಿನಲ್ಲಿ ಅದು ಹೊಳೆದಂಡೆಯಂತೆ ಪ್ರತಿ ಮಳೆಗಾಲಕ್ಕೂ ಸರಿಯುತ್ತದೆ.

ಸರಿದದ್ದಕ್ಕೆ ನಮ್ಮದೇ ಒಂದು ನೋವಿನ ಉದಾಹರಣೆಯಿದೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿತು. ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಇನ್ನೊಂದು. ಅವರ ಮಾತನ್ನು ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಜೀವ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಪರಿಶೀಲಿಸಿದ ಟಿ. ಸಿ. ಆನಂದ್ ಕುಮಾರ್ 1997ರಲ್ಲಿ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಆ ಸಾಧನೆಯನ್ನು ಎತ್ತಿಹಿಡಿದರು. ಅಂದು ಯಾರೂ ನಂಬಲೊಲ್ಲದ ಆ ವಿದ್ಯೆಯ ಫಲಕ ಇಂದು ಜಿಲ್ಲಾ ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದಲ್ಲೂ ಕಾಣುತ್ತದೆ. ಆದ್ದರಿಂದ ಇಂದಿನ ಶೇಕಡಾವಾರುಗಳನ್ನು ಕಲ್ಲಿನ ಮೇಲಿನ ಬರಹ ಎನ್ನಬಾರದು.

ಈಗ ಆ ಶೇ. 64ಕ್ಕೆ ಬರೋಣ. ಪಾಶ್ಚಾತ್ಯ ಅಧ್ಯಯನಗಳನ್ನೇ ನಂಬಿದರೆ ಮಡಿ ಮೈಲಿಗೆಯ ನಾಡಿನಲ್ಲಿ, ದೇವರಲ್ಲಿ ಇಷ್ಟು ಶ್ರದ್ಧೆಯಿರುವ ನಾಡಿನಲ್ಲಿ ವಿರೋಧ ಉಕ್ಕಿ ಬರಬೇಕಿತ್ತು. ಏಕೆ ಬರಲಿಲ್ಲ? ಒಂದು ಕಾರಣ ಹೀಗಿರಬಹುದು. ಕ್ರೈಸ್ತ ಲೋಕದಲ್ಲಿ ಮನುಷ್ಯ ದೇವರ ಪ್ರತಿರೂಪ. ಆ ರೂಪ ತಿದ್ದುವುದು ದೇವರ ಕುರ್ಚಿಯಲ್ಲಿ ಕೂತಂತೆ. ನಮ್ಮ ಪುರಾಣಗಳಲ್ಲಿ ತಪಸ್ಸಿನಿಂದ, ವರದಿಂದ, ಯಜ್ಞದ ಪಾಯಸದಿಂದ ದೇಹವೂ ಸಂತಾನವೂ ಬದಲಾಗುತ್ತಲೇ ಇರುತ್ತವೆ. ನಮ್ಮ ಮಡಿ ಮುಟ್ಟುವುದಕ್ಕೆ, ಉಣ್ಣುವುದಕ್ಕೆ, ಯಾರ ಜೊತೆ ಕೂರುವುದು ಎಂಬುದಕ್ಕೆ ಕಾವಲು. ಸೃಷ್ಟಿಯ ನಕ್ಷೆಗೆ ಅದು ಕಾವಲಲ್ಲ. ಶುದ್ಧಿ ಎಂಬ ಪದ ಒಂದೇ ಆದರೂ ಅದು ಕಾಯುವ ಬಾಗಿಲು ಬೇರೆ.

ಇನ್ನೊಂದು ಕಾರಣ ಅಷ್ಟು ಹಿತವಾದದ್ದಲ್ಲ. ಮನಶ್ಶಾಸ್ತ್ರಜ್ಞ ಶಾಲೋಮ್ ಶ್ವಾರ್ಟ್ಸ್ 1992ರಲ್ಲಿ ರೂಪಿಸಿದ ಮೌಲ್ಯಗಳ ಚಕ್ರದಲ್ಲಿ ಒಂದು ಕಡೆ ಬದಲಾವಣೆಯ ಒಲವು, ಅದರ ಎದುರು ಸಂಪ್ರದಾಯ ಮತ್ತು ಭದ್ರತೆ. ಹೊಸ ತಂತ್ರಜ್ಞಾನ ಒಪ್ಪುವವರು ಮೊದಲ ಕಡೆಯವರು ಎಂದು ಸಾಮಾನ್ಯ ಎಣಿಕೆ. ಆದರೆ ಪುಷ್ಯ ನಕ್ಷತ್ರದ ಸಾಲಿನಲ್ಲಿ ನಿಂತವರನ್ನು ನೋಡಿ. ಪಂಚಾಂಗ ನೋಡಿ ಬಂದ ಸಂಪ್ರದಾಯಸ್ಥರು ಅವರು. ಮನೆಯ ಭದ್ರತೆಗಾಗಿಯೇ ಮಗು ಜಾಣನಾಗಬೇಕು ಎನ್ನುವವರು. ಒಂದು ಸೀಟು, ಒಂದು ರ‍್ಯಾಂಕು, ಒಂದು ಕೆಲಸ ಇಡೀ ಕುಟುಂಬವನ್ನು ದಡ ಸೇರಿಸುವ ಸಮಾಜದಲ್ಲಿ ಬುದ್ಧಿ ಅಲಂಕಾರವಲ್ಲ, ಜೀವನಾಧಾರ. ಇಲ್ಲಿ ವರ್ಧನೆಗೆ ಹೂಂ ಎಂಬುದು ತೆರೆದ ಮನಸ್ಸಿನ ಗುರುತಾಗಿರದೆ ಜರ್ಮನಿಯ ಅಧ್ಯಯನದ ಆ ತಳಮಳದವನ ಭಯಕ್ಕೇ ಹತ್ತಿರದ್ದಾಗಿರಬಹುದು. ಮಕ್ಕಳನ್ನು ಆರಿಸುವ ತಂತ್ರಜ್ಞಾನ ಕೈಗೆ ಬಂದಾಗ ನಾವು ಏನು ಮಾಡಿದೆವು ಎಂಬುದಕ್ಕೆ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯೇ ಸಾಕ್ಷಿ. ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲಿನ ಆ ಎಚ್ಚರಿಕೆಯ ಫಲಕ ನಮ್ಮ ಮೌಲ್ಯಗಳ ಸಮೀಕ್ಷೆಯೂ ಹೌದು.

ಇವೆಲ್ಲ ಊಹೆಗಳು ಎಂದು ಒಪ್ಪಿಕೊಳ್ಳಬೇಕು, ಏಕೆಂದರೆ ಈ ಕ್ಷೇತ್ರದ ಅಳತೆಗೋಲುಗಳು ಬಹುಪಾಲು ಅಮೆರಿಕ, ಯುರೋಪುಗಳ ವಿದ್ಯಾರ್ಥಿಗಳ ಮೇಲೆ ಹದಗೊಂಡವು. ಮನಶ್ಶಾಸ್ತ್ರದ ಈ ಓರೆಯನ್ನು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲೇ ಎತ್ತಿ ತೋರಿದ್ದರು. ಸಮೀಕ್ಷೆಯಲ್ಲಿ ಕೇಳುವುದು ಕೈಗೆ ಬಾರದ ವಸ್ತುವಿನ ಬಗ್ಗೆ. ಅದು ಔಷಧದಂಗಡಿಗೆ ಬಂದ ದಿನ ಉತ್ತರ ಬೇರೆಯಾದೀತು. ಸ್ವಭಾವದ ಅಂಕಕ್ಕೂ ಅಭಿಪ್ರಾಯಕ್ಕೂ ಇರುವ ನಂಟು ಗುಂಪಿನಲ್ಲಿ ಕಾಣುತ್ತದೆಯೇ ಹೊರತು ಒಬ್ಬ ವ್ಯಕ್ತಿ ಏನೆನ್ನುತ್ತಾನೆಂದು ಅದರಿಂದ ಹೇಳಲಾಗದು.

ಆದರೆ ಇನ್ನೂ ದೊಡ್ಡದೊಂದು ಅಂತರ ಪ್ರಶ್ನೆಯ ಒಳಗೇ ಅಡಗಿದೆ. ನುಂಗುತ್ತೀರಾ ಎಂದು ರೀಸ್ ಕೇಳಿದ್ದು ನುಂಗುವವರನ್ನೇ. ಭಾರತ ಶೇ. 64ರಷ್ಟು ಹೂಂ ಎಂದ ಪ್ರಶ್ನೆ ಇನ್ನೂ ಹುಟ್ಟದ ಮಗುವಿನದು. ಸ್ವಭಾವ ನಮ್ಮದು, ಮೌಲ್ಯ ನಮ್ಮದು, ಮೈ ಮಾತ್ರ ಇನ್ನೊಬ್ಬರದು. ಜರ್ಮನಿಯ ತತ್ತ್ವಜ್ಞಾನಿ ಯೂರ್ಗನ್ ಹಾಬರ್ಮಾಸ್ ವಂಶವಾಹಿ ತಿದ್ದುವುದನ್ನು ವಿರೋಧಿಸಿದ್ದು ಈ ಕಾರಣಕ್ಕೆ. ತಂದೆತಾಯಿ ಹೇರಿದ ಪಾಠವನ್ನು ಮಗು ಬೆಳೆದ ಮೇಲೆ ಎದುರಿಸಬಹುದು, ತಳ್ಳಿಹಾಕಬಹುದು. ಹುಟ್ಟುವ ಮೊದಲೇ ಬರೆದುಬಿಟ್ಟ ನಕ್ಷೆಯನ್ನು ಎದುರಿಸುವುದು ಹೇಗೆ? 2018ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ತಾವು ವಂಶವಾಹಿ ತಿದ್ದಿದ ಅವಳಿ ಹೆಣ್ಣುಮಕ್ಕಳ ಸುದ್ದಿ ಹೊರಗಿಟ್ಟಾಗ ಜಗತ್ತು ಬೆಚ್ಚಿತು, ಮರುವರ್ಷ ಅವರಿಗೆ ಮೂರು ವರ್ಷ ಸೆರೆಯಾಯಿತು. ನಮ್ಮ ದೇಶದ ಮಾರ್ಗಸೂಚಿಗಳೂ ಹಾಗೆ ಮಗು ಹುಟ್ಟಿಸಲು ಬಿಡುವುದಿಲ್ಲ. ಕಾನೂನು ಒಂದು ಕಡೆ, ಶೇ. 64ರ ಆಸೆ ಇನ್ನೊಂದು ಕಡೆ.

ಮಹಾಭಾರತದ ಯಯಾತಿಗೆ ಅಕಾಲ ಮುಪ್ಪು ಬಂದಾಗ, ಅದನ್ನು ತೆಗೆದುಕೊಂಡು ನಿಮ್ಮ ಯೌವನ ಕೊಡಿ ಎಂದು ಅವನೂ ಮಕ್ಕಳ ಮೈಯತ್ತಲೇ ಕೈ ಚಾಚಿದ. ಯದು ಒಲ್ಲೆನೆಂದ, ತುರ್ವಸು, ದ್ರುಹ್ಯು, ಅನು ಕೂಡ ಒಲ್ಲೆವೆಂದರು. ಪೂರು ಮಾತ್ರ ಒಪ್ಪಿದ. ಯಯಾತಿಯನ್ನು ಲೋಲುಪನೆಂದು ನಾವು ಬಯ್ಯುತ್ತೇವೆ. ಆದರೂ ಅವನು ಐವರನ್ನೂ ಒಬ್ಬೊಬ್ಬರಾಗಿ ಕೇಳಿದ, ನಾಲ್ವರು ಬೇಡವೆನ್ನಲು ಅಲ್ಲಿ ಅವಕಾಶವಿತ್ತು. ಪುಷ್ಯ ನಕ್ಷತ್ರದ ಸಾಲಿನಲ್ಲಿ ಕೂಸು ಹನಿಯನ್ನು ಕಂಡು ತುಟಿ ಬಿಗಿಯುತ್ತದೆ. ಅಮ್ಮ ಮೆಲ್ಲಗೆ ಕೆನ್ನೆ ಒತ್ತುತ್ತಾಳೆ, ಬಾಯಿ ತೆರೆದುಕೊಳ್ಳುತ್ತದೆ.